ಹಿತ್ತಿಲಿನ ಹಕ್ಕಿ: ಹೆಸರು ಗೊತ್ತಾಗದಿದ್ದರೆ ಪುಸ್ತಕದಲ್ಲಿ ಏನು ಬರೆಯುವುದು?

ಬಸಳೆಚಪ್ಪರ, ಕಟಪಾಡಿ:
ನಮ್ಮ ಹಿತ್ತಿಲಿಗೆ ಬರುವ ಹಕ್ಕಿಗಳನ್ನು ಬರೆದಿಡಬೇಕೆಂದು ಮಳೆಗಾಲ ಮುಗಿದ ಮೇಲೆ ಒಂದು ಪುಸ್ತಕ ಶುರು ಮಾಡಿದ್ದೇನೆ. ಬಾವಿ, ಬಸಳೆ ಚಪ್ಪರ, ಎರಡು ಹಲಸು, ಒಂದಷ್ಟು ತೆಂಗು, ಬಾಳೆ, ಬೇಲಿಯುದ್ದಕ್ಕೂ ಕೇಪುಳ ಮತ್ತು ದಾಸವಾಳ. ಇಷ್ಟೇ ನಮ್ಮ ಜಾಗ. ಕಾಗೆ, ಮಡಿವಾಳ, ಪಿಕಳಾರ, ಕೆಂಬೂತಗಳಿಗೆ ಯಾರ ಸಹಾಯವೂ ಬೇಡ. ತೊಂದರೆ ಉಳಿದವುಗಳದ್ದು.

ಹಲಸಿನ ಬುಡದ ತರಗೆಲೆಯಲ್ಲಿ ಬೆಳಗಿನ ಹೊತ್ತು ಒಂದು ಹಕ್ಕಿ ಎಲೆಗಳನ್ನು ಕೊಕ್ಕಿನಿಂದ ಮಗುಚುತ್ತಾ ಕುಪ್ಪಳಿಸುತ್ತದೆ. ತಲೆ, ಎದೆ ಕಿತ್ತಳೆ ಬಣ್ಣ. ಬೆನ್ನು ಬೂದು ನೀಲಿ. ಬಿಳಿ ಕೆನ್ನೆಯ ಮೇಲೆ ಉದ್ದಕ್ಕೆ ಇಳಿದ ಎರಡು ಕಪ್ಪು ಗೆರೆ. ನಮ್ಮ ಯಜಮಾನರು ಅದು ನವರಂಗ ಎಂದು ಹಟ ಹಿಡಿದಿದ್ದಾರೆ. ಫೋಟೋ ತೆಗೆದೆ, ಅದರಲ್ಲಿ ಬಂದದ್ದು ಬಿದ್ದ ತೆಂಗಿನ ಗರಿ ಮಾತ್ರ.

ಇನ್ನು ಬಾಳೆ ಹೂವಿಗೂ ಕೇಪುಳಕ್ಕೂ ಬರುವ ಸೂರಕ್ಕಿಗಳು. ಗಂಡುಗಳಲ್ಲೇ ಮೂರು ಬಗೆ ಕಾಣುತ್ತವೆ. ಹೆಣ್ಣುಗಳೆಲ್ಲ ನನ್ನ ಕಣ್ಣಿಗೆ ಒಂದೇ.

ಮುಖ್ಯ ಪ್ರಶ್ನೆ ಬೇರೆ. ಹೆಸರು ಗೊತ್ತಾಗದ ಹಕ್ಕಿಯನ್ನು ಬರೆಯಬೇಕೋ, ಬಿಡಬೇಕೋ? ಪುಸ್ತಕದಲ್ಲಿ "ಸಣ್ಣ ಕಂದು ಹಕ್ಕಿ" ಎಂಬ ಸಾಲೇ ತುಂಬಿಕೊಳ್ಳುತ್ತಿದೆ.

ಕೊಣಾಜೆ ಗುಡ್ಡೆ:
ನವರಂಗ ಅಲ್ಲವೇ ಅಲ್ಲ. ಕಿತ್ತಳೆ ತಲೆಯ ನೆಲಸಿಳ್ಳಾರ. ಕೆನ್ನೆಯ ಎರಡು ಗೆರೆ ಹೇಳಿದ ಮೇಲೆ ಬೇರೆ ಪುರಾವೆ ಬೇಡ.

ಗೋಳಿಬಜೆ:
ಅದನ್ನು ಯಜಮಾನರಿಗೆ ಹೇಳುವವರು ಯಾರು?

ನಿವೃತ್ತ ಮೇಷ್ಟ್ರು, ಉಡುಪಿ:
ಯಜಮಾನರನ್ನು ಪೂರ್ತಿ ತಳ್ಳಿಹಾಕಬೇಡಿ. ಎರಡೂ ತರಗೆಲೆಯ ಮೇಲೆಯೇ ಓಡಾಡುವ ಹಕ್ಕಿಗಳು, ಎರಡೂ ನೆರಳು ಬಿಟ್ಟು ಹೊರಗೆ ಬರುವುದಿಲ್ಲ. ಆದರೆ ನವರಂಗದ ಬೆನ್ನು ಹಸಿರು. ಕಣ್ಣಿನ ಮೇಲೆ ಅಡ್ಡಕ್ಕೆ ದಪ್ಪ ಕಪ್ಪು ಪಟ್ಟಿ, ಹೊಟ್ಟೆಯ ಅಡಿಯಲ್ಲಿ ಕೆಂಪು, ಬಾಲ ಮಾತ್ರ ಕತ್ತರಿಸಿಟ್ಟಂತೆ ಮೊಂಡು. ಸಿಳ್ಳಾರದ ಗೆರೆಗಳು ಉದ್ದಕ್ಕೆ, ನವರಂಗದ ಪಟ್ಟಿ ಅಡ್ಡಕ್ಕೆ. ಇಷ್ಟು ನೆನಪಿದ್ದರೆ ಸಾಕು. ಸಿಳ್ಳಾರದ ಹೆಣ್ಣಿನ ಬೆನ್ನಿನಲ್ಲಿ ಕಂದು ಛಾಯೆ ಬೆರೆತಿರುತ್ತದೆ, ಅದನ್ನೂ ಗಮನಿಸಿ.

ಇನ್ನೊಂದು ವ್ಯತ್ಯಾಸ ಕ್ಯಾಲೆಂಡರಿನದು. ಸಿಳ್ಳಾರ ನಮ್ಮಲ್ಲಿ ವರ್ಷವಿಡೀ ಇರುವ ಹಕ್ಕಿ. ನವರಂಗ ಚಳಿಗಾಲದ ಅತಿಥಿ. ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದ ಕಡೆ ಮರಿ ಮಾಡಿ ಅಕ್ಟೋಬರ್ ಸುಮಾರಿಗೆ ದಕ್ಷಿಣಕ್ಕೆ ಇಳಿಯುತ್ತದೆ, ಬೇಸಿಗೆ ಏರುವಾಗ ಹೊರಟುಹೋಗುತ್ತದೆ. ಮುಂಜಾನೆ, ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಜುಲೈ ತಿಂಗಳಲ್ಲಿ ನವರಂಗ ಕಂಡೆ ಎಂದು ಯಾರಾದರೂ ಬರೆದರೆ ನಾನು ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಹಾಕುತ್ತೇನೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನೀವು ಹೆಸರು ಬರೆಯಲಿಲ್ಲ, ಕಂಡದ್ದನ್ನು ಬರೆದಿರಿ. ಕೊಣಾಜೆಯವರು ಫೋಟೋ ನೋಡದೆಯೇ ಗುರುತಿಸಿದರು. ಪುಸ್ತಕದಲ್ಲೂ ಹಾಗೆಯೇ ಬರೆಯಿರಿ.

ಕೊಣಾಜೆ ಗುಡ್ಡೆ:
ಮೇಷ್ಟ್ರೇ, ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. "ಸಣ್ಣ ಕಂದು ಹಕ್ಕಿ" ಎಂದು ಪುಟ ತುಂಬಿಸಿದರೆ ಆರು ತಿಂಗಳ ನಂತರ ಅದನ್ನು ಬರೆದವರಿಗೇ ಅರ್ಥವಾಗುವುದಿಲ್ಲ. ಹೆಸರು ಹಚ್ಚಲು ಹಟ ಮಾಡಬೇಕು. ಹಟ ಇಲ್ಲದೆ ಕಣ್ಣು ಪಳಗುವುದಿಲ್ಲ.

ನಿವೃತ್ತ ಮೇಷ್ಟ್ರು, ಉಡುಪಿ:
ಹಟ ಮಾಡಿ, ಬೇಡ ಎನ್ನಲಿಲ್ಲ. ತಪ್ಪು ಹೆಸರು ಬರೆದಿಟ್ಟರೆ ಮಾತ್ರ ಮುಗಿಯಿತು, ಆಮೇಲೆ ಸರಿಪಡಿಸಲು ಏನೂ ಉಳಿದಿರುವುದಿಲ್ಲ. ಕಂದು ಎಂದರೆ ಎಂಥ ಕಂದು, ಹುಬ್ಬಿನ ಗೆರೆ ಇತ್ತೇ, ಬಾಲ ಕುಣಿಸುತ್ತಿತ್ತೇ, ನೆಲದಲ್ಲೋ ಪೊದೆಯಲ್ಲೋ ಮರದ ತುದಿಯಲ್ಲೋ, ಕೂಗು ಹೇಗೆ. ಇಷ್ಟು ಬರೆದಿದ್ದರೆ ಹೆಸರು ಮುಂದಿನ ವರ್ಷ ಸಿಕ್ಕರೂ ನಷ್ಟವಿಲ್ಲ.

ಸುರತ್ಕಲ್ ಶಿಫ್ಟ್:
ಇಷ್ಟೆಲ್ಲ ಯಾಕೆ? ಮೊಬೈಲಿನಲ್ಲಿ ಕೂಗು ಕೇಳಿಸಿಕೊಂಡು ಹೆಸರು ಹೇಳುವ ಆ್ಯಪ್‌ಗಳಿವೆ. ರಾತ್ರಿ ಪಾಳಿ ಮುಗಿಸಿ ಬಂದವನು ಜಗಲಿಯಲ್ಲಿ ಫೋನ್ ಇಟ್ಟು ಚಹಾ ಕುಡಿಯುತ್ತೇನೆ. ಲೋಟ ಖಾಲಿಯಾಗುವಷ್ಟರಲ್ಲಿ ಪಟ್ಟಿ ಸಿದ್ಧ.

ಹಾಲಕ್ಕಿ, ಹೆಬ್ರಿ:
ನಿಮ್ಮ ಮನೆಯ ಹತ್ತಿರ ಭೀಮರಾಜ ಇಲ್ಲ ಎಂದು ಕಾಣುತ್ತದೆ. ನಮ್ಮ ತೋಟದ ಭೀಮರಾಜ ಒಂದೇ ಕೊಂಬೆಯಲ್ಲಿ ಕುಳಿತು ಗಿಡುಗ, ಮಟಪಕ್ಷಿ, ಹರಟೆಮಲ್ಲ, ಕೊನೆಗೆ ಬೆಕ್ಕನ್ನೂ ಕೂಗುತ್ತದೆ. ನೆಂಟರ ಹುಡುಗನ ಫೋನಿನಲ್ಲಿದ್ದ ಒಂದು ಆ್ಯಪ್ ಅದಕ್ಕೆ ಸಾಲಾಗಿ ಐದಾರು ಹೆಸರು ಕೊಟ್ಟಿತು. ಮರದಲ್ಲಿ ಇದ್ದದ್ದು ಒಂದೇ ಹಕ್ಕಿ, ಎರಡು ತಂತಿಯ ಬಾಲ ನೇತುಬಿಟ್ಟುಕೊಂಡು.

ಕೊಣಾಜೆ ಗುಡ್ಡೆ:
ಎಲೆಹಕ್ಕಿಯೂ ಅದೇ ಜಾತಿಯ ಕಿಲಾಡಿ. ಹಸಿರೆಲೆಯೊಳಗೆ ಹಸಿರು ಹಕ್ಕಿ, ಕೂಗುವುದು ಬೇರೆಯವರ ದನಿಯಲ್ಲಿ.

ಸುರತ್ಕಲ್ ಶಿಫ್ಟ್:
ಭೀಮರಾಜ ಮನುಷ್ಯರಿಗೂ ಮೋಸ ಮಾಡುತ್ತದೆ. ಫೋನನ್ನು ಮಾತ್ರ ಯಾಕೆ ಬೈಯುತ್ತೀರಿ?

ನಿವೃತ್ತ ಮೇಷ್ಟ್ರು, ಉಡುಪಿ:
ಬೈಯುವುದಿಲ್ಲ. ಆ್ಯಪ್ ಹೇಳಿದ ಹೆಸರನ್ನು "ಹುಡುಕಬೇಕಾದದ್ದು" ಎಂದು ಬರೆಯಿರಿ, "ಕಂಡದ್ದು" ಎಂದು ಬರೆಯಬೇಡಿ. ನನ್ನ ತಗಾದೆ ಅಷ್ಟೇ.

ಬಿಜೈ ಮೂರನೇ ಮಹಡಿ:
ಸೂರಕ್ಕಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ನನಗೂ ಬೇಕಿತ್ತು. ಬಾಲ್ಕನಿಯ ದಾಸವಾಳಕ್ಕೆ ದಿನವೂ ಬರುತ್ತವೆ. ಹೂವಿನ ಬಾಯಿಗೆ ಹೋಗುವುದಿಲ್ಲ, ಬುಡದಲ್ಲಿ ತೂತು ಮಾಡಿ ಮಕರಂದ ಎಳೆಯುತ್ತವೆ. ಪೂಜೆಗೆ ಕೊಯ್ಯುವಾಗ ನೋಡಿದರೆ ಎಲ್ಲ ಹೂವಿನ ಬುಡದಲ್ಲೂ ಸೂಜಿ ಚುಚ್ಚಿದ ಗುರುತು.

ಕೊಣಾಜೆ ಗುಡ್ಡೆ:
ಬಿಜೈಯವರೇ, ಕಟಪಾಡಿಯವರೇ, ಕೇಳಿ. ನಮ್ಮ ಕಡೆ ಹಿತ್ತಿಲಿನಲ್ಲಿ ಸಾಧಾರಣವಾಗಿ ನಾಲ್ಕು ಬಗೆ ಸಿಗಬಹುದು. ಹೊಟ್ಟೆ ಹಳದಿಯೋ ಅಲ್ಲವೋ, ಮೊದಲು ಅದನ್ನು ನೋಡಿ.

ಹೊಟ್ಟೆ ಹಳದಿ ಇದ್ದರೆ ಎರಡು ಸಾಧ್ಯತೆ. ನೇರಳೆ ಪೃಷ್ಠದ ಸೂರಕ್ಕಿ ಎಲ್ಲರ ಮನೆಯಲ್ಲೂ ಇರುವಂಥದ್ದು. ಇನ್ನೊಂದು ಅದಕ್ಕಿಂತ ಪುಟ್ಟದು, ಗಂಡಿನ ಬೆನ್ನು ಕಡುಗೆಂಪು, ಎದೆಯಲ್ಲೂ ಅಗಲವಾದ ಕೆಂಪು. ಇದು ಪಶ್ಚಿಮ ಘಟ್ಟ ಮತ್ತು ಅದರ ಮಗ್ಗುಲಿನ ಕರಾವಳಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಿಮ್ಮ ಕೇಪುಳದ ಬೇಲಿಗೆ ಬರುತ್ತಿದ್ದರೆ ಅದಕ್ಕಾಗಿಯೇ ಪುಸ್ತಕ ಇಡಬಹುದು.

ಹೊಟ್ಟೆ ಕಪ್ಪೋ ಕಡುಕಂದೋ ಆಗಿದ್ದರೆ ಕೊಕ್ಕು ನೋಡಿ. ಕೊಕ್ಕು ಅತಿ ಉದ್ದ, ಕುಡುಗೋಲಿನಂತೆ ಬಾಗಿದ್ದು, ಎದೆಯಲ್ಲಿ ಕೆಂಗಂದು ಪಟ್ಟಿ ಕಂಡರೆ ಉದ್ದಕೊಕ್ಕಿನ ಸೂರಕ್ಕಿ. ಕೊಕ್ಕು ಗಿಡ್ಡವಾಗಿದ್ದು ಮೈಯೆಲ್ಲ ಒಂದೇ ಸಮ ನೇರಳೆ ಕಪ್ಪಾಗಿದ್ದರೆ ನೇರಳೆ ಸೂರಕ್ಕಿ. ಈ ನೇರಳೆ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ಬಣ್ಣ ಕಳಚಿಕೊಂಡು ಹೆಣ್ಣಿನಂತೆ ಮಾಸಲು ಹಳದಿಯಾಗುತ್ತದೆ, ಗಂಟಲಿನಿಂದ ಹೊಟ್ಟೆಯವರೆಗೆ ನಡುವೆ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಹೊಸಬರು ಅದನ್ನು ಐದನೆಯ ಜಾತಿ ಎಂದು ಬರೆಯುವುದುಂಟು.

ಹೆಣ್ಣುಗಳ ವಿಷಯದಲ್ಲಿ ಒಂದೇ ಒಂದು ಸುಲಭದ ಗುರುತು: ಕೆಂಪು ಬೆನ್ನಿನದರ ಹೆಣ್ಣಿಗೂ ಬಾಲದ ಬುಡದಲ್ಲಿ ಕೆಂಪು ಇರುತ್ತದೆ. ಉಳಿದ ಹೆಣ್ಣುಗಳನ್ನು "ಸೂರಕ್ಕಿ, ಹೆಣ್ಣು" ಎಂದಷ್ಟೇ ಬರೆದು ಬಿಡಿ. (ನೋಡಿ, ಮೇಷ್ಟ್ರ ದಾರಿಗೇ ಬಂದೆ.)

ನಿವೃತ್ತ ಮೇಷ್ಟ್ರು, ಉಡುಪಿ:
ನೋಡಿದೆ.

ಬ್ರಹ್ಮಾವರ ತೋಟ:
ಬರೆದಿಡುವ ಮಾತು ಬಂತು, ಹೇಳುತ್ತೇನೆ. ನಮ್ಮ ಮಾವನವರದೊಂದು ತೆಂಗಿನಕಾಯಿ ಲೆಕ್ಕದ ಪುಸ್ತಕವಿದೆ. ಎಷ್ಟು ಮರ ಹತ್ತಿಸಿದ್ದು, ಎಷ್ಟು ಕಾಯಿ, ಕೂಲಿ ಎಷ್ಟು. ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ "ಬಿಳಿ ಬಾಲದ್ದು ಬಂತು, ಬೊಂತೆಲ್", "ಕುಪುಲು ಮರಿ, ಬಾವಿ ಹತ್ತಿರ", "ಆಟಿಯಲ್ಲಿ ನವಿಲು ಗರಿ ಉದುರಿಸಿತು". (ಬೊಂತೆಲ್, ಆಟಿ ತುಳು ತಿಂಗಳುಗಳು. ಕುಪುಲು ಎಂದರೆ ಕೆಂಬೂತ.) ಹಕ್ಕಿ ನೋಡುವವರು ಎಂದು ಅವರನ್ನು ಯಾರೂ ಕರೆದವರಿಲ್ಲ. ಬಿಳಿ ಬಾಲದ್ದು ಎಂದರೆ ರಾಜಹಕ್ಕಿ ಇರಬೇಕು. ಈಗಲೂ ಅದೇ ಹೊತ್ತಿಗೆ ಬಾವಿಕಟ್ಟೆಯ ಹತ್ತಿರದ ನೇರಳೆ ಮರಕ್ಕೆ ಬರುತ್ತದೆ.

ಕೊಣಾಜೆ ಗುಡ್ಡೆ:
ಆ ಅಂಚುಗಳ ಫೋಟೋ ತೆಗೆದಿಡಿ ದಯವಿಟ್ಟು, ಗೆದ್ದಲು ತಿನ್ನುವ ಮೊದಲು. ಬೊಂತೆಲ್ ಎಂದರೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯ. ರಾಜಹಕ್ಕಿಗೆ ಸರಿಯಾಗಿ ಹೊಂದುತ್ತದೆ. ಒಂದು ಎಚ್ಚರಿಕೆ: ಹೆಣ್ಣು ಮತ್ತು ಎಳೆಯ ಗಂಡು ಇಟ್ಟಿಗೆ ಬಣ್ಣದವು. ವಯಸ್ಕ ಗಂಡುಗಳಲ್ಲೂ ಕೆಲವು ಇಟ್ಟಿಗೆ ಬಣ್ಣದಲ್ಲೇ ಉದ್ದ ಬಾಲ ಇಟ್ಟುಕೊಂಡಿರುತ್ತವೆ. ಎಲ್ಲವೂ ಒಂದೇ ಹಕ್ಕಿ.

ಕದ್ರಿ ಕಂಬಳ:
ನಮ್ಮ ಮನೆಯ ಹತ್ತಿರ ಯುಗಾದಿಗೆ ಸ್ವಲ್ಪ ಮೊದಲು ಕೋಗಿಲೆ ಬರುತ್ತದೆ, ಮಳೆ ಹಿಡಿದ ಮೇಲೆ ಹೋಗುತ್ತದೆ. ಅದನ್ನೂ ವಲಸೆ ಹಕ್ಕಿಗಳ ಪಟ್ಟಿಗೆ ಸೇರಿಸಬಹುದೇ?

ಹಾಲಕ್ಕಿ, ಹೆಬ್ರಿ:
ಎಲ್ಲಿಗೂ ಹೋಗುವುದಿಲ್ಲ, ಬಾಯಿ ಮುಚ್ಚಿಕೊಂಡಿರುತ್ತದೆ ಅಷ್ಟೇ. ಗೋಳಿಮರ ಹಣ್ಣು ಬಿಟ್ಟಾಗ ಡಿಸೆಂಬರಿನಲ್ಲಿ ಹೋಗಿ ನೋಡಿ. ಕೆಂಗಣ್ಣಿನ ಕರಿಯ ಗಂಡು ಸದ್ದಿಲ್ಲದೆ ನುಂಗುತ್ತಿರುತ್ತದೆ. ಹೆಣ್ಣು ಕಂದು, ಮೈತುಂಬಾ ಬಿಳಿ ಚುಕ್ಕೆ. ಎಷ್ಟೋ ಜನ ಅದನ್ನು ಗಿಡುಗ ಎಂದೇ ತಿಳಿದಿದ್ದಾರೆ.

ಕದ್ರಿ ಕಂಬಳ:
ಹಾಗಾದರೆ "ಬಂತು" ಎಂದು ಬರೆಯಬಾರದು, "ಕೂಗಿತು" ಎಂದು ಬರೆಯಬೇಕು?

ಹಾಲಕ್ಕಿ, ಹೆಬ್ರಿ:
ಹೌದು. ಕಂಡದ್ದು, ಕೇಳಿದ್ದು ಎರಡಕ್ಕೂ ಬೇರೆ ಬೇರೆ ಗುರುತು ಇಟ್ಟುಕೊಳ್ಳಿ. ಕುಟ್ರ ಹಕ್ಕಿಯ ವಿಷಯದಲ್ಲಿ ಇದು ಬಹಳ ಮುಖ್ಯ. ಬೆಳಗಿನಿಂದ "ಕುಟ್ರೂ ಕುಟ್ರೂ" ಎಂದು ಒಂದು ಶುರು ಮಾಡಿದರೆ ಇಡೀ ಊರಿನ ಕುಟ್ರಗಳು ದನಿಗೂಡಿಸುತ್ತವೆ. ಕಣ್ಣಿಗೆ ಬೀಳುವುದು ಅಪರೂಪ. ಹಸಿರು ಮೈ, ಕಂದು ತಲೆ, ಕಣ್ಣಿನ ಮೇಲೆ ಕೆಳಗೆ ಬಿಳಿ ಪಟ್ಟೆ.

ಮಲ್ಪೆ ಗಾಳಿ:
ಹಕ್ಕಿಗಳಿಗೆ ಅಕ್ಕಿ, ನೀರು ಇಟ್ಟರೆ ಹೆಚ್ಚು ಬಗೆ ಬರುತ್ತವೆಯೇ? ನಮ್ಮಲ್ಲಿ ಅಕ್ಕಿ ಇಟ್ಟರೆ ಪಾರಿವಾಳ ಮತ್ತು ಕಾಗೆ ಬಿಟ್ಟು ಬೇರೆ ಯಾವುದೂ ಬರುವುದಿಲ್ಲ.

ಬಸಳೆಚಪ್ಪರ, ಕಟಪಾಡಿ:
ಅಕ್ಕಿ ಬೇಡ. ನಮ್ಮಲ್ಲಿ ಬಸಳೆಯ ಕಪ್ಪು ಹಣ್ಣಿಗೆ ಪಿಕಳಾರಗಳು ಬಂದು ಚಪ್ಪರದ ಕೆಳಗೆಲ್ಲ ನೇರಳೆ ಕಲೆ ಮಾಡುತ್ತವೆ. ಒಗೆದು ಹಾಕಿದ ಮುಂಡು ಅಲ್ಲಿದ್ದರೆ ಅದರ ಕಥೆ ಮುಗಿಯಿತು. ನೀರು ಮಾತ್ರ ಇಟ್ಟಿದ್ದೇನೆ, ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ.

ಬಿಜೈ ಮೂರನೇ ಮಹಡಿ:
ನೀರು ಇಡಲು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಿಡುವುದಿಲ್ಲ. ಮಲೇರಿಯಾ, ಡೆಂಗಿ ಎಂದು ಹೆದರಿಸುತ್ತಾರೆ. ಮಂಗಳೂರಿನಲ್ಲಿ ಆ ಭಯ ಸುಳ್ಳೇನೂ ಅಲ್ಲ.

ನಿವೃತ್ತ ಮೇಷ್ಟ್ರು, ಉಡುಪಿ:
ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ದಿನವೂ ತಟ್ಟೆ ಉಜ್ಜಿ ನೀರು ಬದಲಿಸಿದರೆ ಅಲ್ಲಿ ಸೊಳ್ಳೆ ಹುಟ್ಟುವುದಿಲ್ಲ. ಊರಿಗೆ ಹೋಗುವಾಗ ತಟ್ಟೆ ಕವುಚಿಡಿ. ಎರಡು ಬೆರಳಿಗಿಂತ ಆಳ ಬೇಡ, ಬೆಕ್ಕು ಅಡಗಿ ಕೂರುವ ಗಿಡದ ಹತ್ತಿರವೂ ಬೇಡ.

ಕಾಪು ಬೀಚ್ ರಸ್ತೆ:
ಇಲ್ಲಿ ಗುಬ್ಬಚ್ಚಿಯ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಮೊಬೈಲ್ ಟವರ್ ಬಂದ ಮೇಲೆ ಗುಬ್ಬಿ ಹೋಯಿತು. ಪಟ್ಟಿ ಬರೆದು ಏನು ಪ್ರಯೋಜನ?

ಕೊಣಾಜೆ ಗುಡ್ಡೆ:
ಟವರ್ ಕಾರಣ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಹಂಚಿನ ಮಾಡಿನ ಸಂದಿ ಹೋಗಿ ಕಾಂಕ್ರೀಟ್ ಬಂತು, ಗೂಡು ಕಟ್ಟಲು ಜಾಗ ಹೋಯಿತು. ಭತ್ತ ಕುಟ್ಟುವ ಅಂಗಳವೂ ಹೋಯಿತು. ದಿನಸಿ ಅಂಗಡಿಗಳ ಸಾಲಿನಲ್ಲಿ ಹೋಗಿ ನಿಲ್ಲಿ, ಟವರಿನ ಅಡಿಯಲ್ಲೇ ಗುಬ್ಬಿಗಳು ಗೋಣಿಚೀಲದ ಮೇಲೆ ಜಗಳವಾಡುತ್ತಿರುತ್ತವೆ.

ಪಟ್ಟಿಯ ಪ್ರಯೋಜನ ಕೇಳಿದಿರಿ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರ ಸುಮಾರು 30 ಸಾವಿರ ಹಕ್ಕಿ ವೀಕ್ಷಕರು ಇ-ಬರ್ಡ್ ಎಂಬ ಜಾಲತಾಣಕ್ಕೆ ಹಾಕಿದ ಪಟ್ಟಿಗಳು. ಅವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ, ನಮ್ಮ ಹಾಗೆ ಜಗಲಿಯಲ್ಲಿ ನಿಂತು ಎಣಿಸಿದವರು.

ಕಾಪು ಬೀಚ್ ರಸ್ತೆ:
ಟವರಿನ ವಿಷಯ ನಾನು ಬಿಡುವುದಿಲ್ಲ.

ಗೋಳಿಬಜೆ:
ಗೊತ್ತು.

ಸುರತ್ಕಲ್ ಶಿಫ್ಟ್:
ಇ-ಬರ್ಡ್‌ಗೆ ಹಾಕುವುದು ಹೇಗೆ ಎಂದು ಸರಳವಾಗಿ ಹೇಳಿ. ಕಾಗೆಯನ್ನೂ ಎಣಿಸಬೇಕಂತೆ, ನಿಜವೇ?

ಕೊಣಾಜೆ ಗುಡ್ಡೆ:
ನಿಜ, ಅದರ ಜೀವಾಳವೇ ಅದು. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ನಡೆಸುವ ಉಚಿತ ದಾಖಲೆ ವ್ಯವಸ್ಥೆ, 2002ರಿಂದ ಇದೆ. ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ನಿಲ್ಲಿ. ಗುರುತಿಸಲು ಆದ ಹಕ್ಕಿಗಳನ್ನೆಲ್ಲ ಎಣಿಸಿ ಬರೆಯಿರಿ. ಕೊನೆಯಲ್ಲಿ "ಗುರುತಿಸಿದ ಎಲ್ಲವನ್ನೂ ಬರೆದಿದ್ದೀರಾ" ಎಂದು ಕೇಳುತ್ತದೆ. ಕಾಗೆಯನ್ನು ಬಿಟ್ಟು ಹೌದು ಎಂದು ಒತ್ತಿದರೆ ಕಟಪಾಡಿಯಲ್ಲಿ ಕಾಗೆಯೇ ಇಲ್ಲ ಎಂದು ಸಾರಿದ ಹಾಗೆ. ಬರೆಯದಿರುವುದೂ ಅಲ್ಲಿ ಒಂದು ಮಾಹಿತಿ. ಎಲ್ಲವನ್ನೂ ಬರೆದಿದ್ದೀರಿ ಎಂದಾದರೆ ಮಾತ್ರ ಹತ್ತು ವರ್ಷದ ನಂತರ ಯಾವುದು ಕಡಿಮೆಯಾಯಿತು ಎಂದು ಹೇಳಲು ಬರುತ್ತದೆ.

ಹೆಸರು ಖಚಿತವಿಲ್ಲದಿದ್ದರೆ ಅದಕ್ಕೂ ಜಾಗವಿದೆ. "ಸೂರಕ್ಕಿ, ಯಾವುದೆಂದು ತಿಳಿಯದು" ಎಂಬಂಥ ಆಯ್ಕೆಗಳಿವೆ. ಕಟಪಾಡಿಯವರ ಸಣ್ಣ ಕಂದು ಹಕ್ಕಿಗೂ ನೆಲೆ ಸಿಗುತ್ತದೆ.

ಬ್ರಹ್ಮಾವರ ತೋಟ:
ಮನೆಯ ಜಾಗ ನಕ್ಷೆಯಲ್ಲಿ ಎಲ್ಲರಿಗೂ ಕಾಣುವುದಿಲ್ಲವೇ? ನಾವು ಇಬ್ಬರೇ ಹೆಂಗಸರು ಇರುವ ಮನೆ.

ಕೊಣಾಜೆ ಗುಡ್ಡೆ:
ಒಳ್ಳೆಯ ಪ್ರಶ್ನೆ. ಗುರುತನ್ನು ಮನೆಯ ಮೇಲೆ ಇಡಬೇಡಿ, ಹತ್ತಿರದ ರಸ್ತೆ ಅಥವಾ ಬಯಲಿನ ಮೇಲೆ ಇಟ್ಟು ಊರಿನ ಹೆಸರಷ್ಟೇ ಕೊಡಿ. ಹಾಗೆಯೇ ಗೂಡಿನ ಫೋಟೋ, ಗೂಡಿನ ಜಾಗ ಎಲ್ಲಿಯೂ ಹಾಕಬೇಡಿ. ಸಿಂಪಿಗ ಹೊಲಿದ ಎಲೆಯನ್ನು ಬಿಡಿಸಿ ಒಳಗಿನ ಮೊಟ್ಟೆ ತೋರಿಸುವ ವಿಡಿಯೋ ನೋಡಿದರೆ ನನಗೆ ರಕ್ತ ಕುದಿಯುತ್ತದೆ.

ಕದ್ರಿ ಕಂಬಳ:
ವಿಷಯ ಬೇರೆ, ಕ್ಷಮಿಸಿ. ಒಂದು ಮಡಿವಾಳ ಗಂಡು ನನ್ನ ಸ್ಕೂಟರಿನ ಕನ್ನಡಿಯೊಂದಿಗೆ ಬೆಳಗಿನಿಂದ ಕಾದಾಡುತ್ತಿದೆ. ಕನ್ನಡಿಯೆಲ್ಲ ಹಿಕ್ಕೆ. ಓಡಿಸಿದರೂ ಮರಳಿ ಬರುತ್ತದೆ.

ಹಾಲಕ್ಕಿ, ಹೆಬ್ರಿ:
ತನ್ನ ಬಿಂಬವನ್ನೇ ಎದುರಾಳಿ ಎಂದುಕೊಂಡಿದೆ. ಕನ್ನಡಿಗೆ ಹಳೆಯ ಕಾಲುಚೀಲ ಹಾಕಿ. ಪುಸ್ತಕದಲ್ಲಿ ದಿನಾಂಕವನ್ನೂ ಬರೆದಿಡಿ, ಮರಿ ಮಾಡುವ ಕಾಲದಲ್ಲಿ ಅದು ಜಾಗ ಕಾಯುತ್ತಿರುತ್ತದೆ.

ಮಲ್ಪೆ ಗಾಳಿ:
ಕನ್ನಡಿ ಎಂದಾಗ ನೆನಪಾಯಿತು. ಹೋದ ವರ್ಷ ನಮ್ಮ ಕಿಟಕಿಯ ಗಾಜಿಗೆ ಬಡಿದು ಒಂದು ಬಣ್ಣದ ಹಕ್ಕಿ ಬಿದ್ದಿತ್ತು, ಮೊಂಡು ಬಾಲದ್ದು. ಈ ಚರ್ಚೆ ಓದಿದ ಮೇಲೆ ಅದು ನವರಂಗ ಎಂದು ಗೊತ್ತಾಯಿತು. ಅಂಥ ಹೊತ್ತಿನಲ್ಲಿ ಏನು ಮಾಡಬೇಕು?

ನಿವೃತ್ತ ಮೇಷ್ಟ್ರು, ಉಡುಪಿ:
ರಾತ್ರಿ ಪ್ರಯಾಣ ಮಾಡಿ ದಣಿದು ಇಳಿಯುವ ಹಕ್ಕಿ ಅದು, ಊರಿನ ನಡುವೆ ಗೋಡೆ ಗಾಜಿಗೆ ಬಡಿಯುವುದು ಸಾಮಾನ್ಯ. ಗಾಳಿಯಾಡುವ ತೂತಿರುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಅದನ್ನು ಒಳಗಿಟ್ಟು ಮುಚ್ಚಿ, ಸದ್ದಿಲ್ಲದ ಕಡೆ ಬಿಡಿ. ಬಾಯಿಗೆ ನೀರು ಹುಯ್ಯಬೇಡಿ. ಒಂದೆರಡು ಗಂಟೆಯ ನಂತರ ಮರಗಳಿರುವ ಕಡೆ ಪೆಟ್ಟಿಗೆ ತೆರೆದರೆ ಹೆಚ್ಚಿನವು ಹಾರಿ ಹೋಗುತ್ತವೆ. ರೆಕ್ಕೆ ಜೋತುಬಿದ್ದಿದ್ದರೆ ಪಶುವೈದ್ಯರನ್ನೋ ಅರಣ್ಯ ಇಲಾಖೆಯವರನ್ನೋ ಕರೆಯಬೇಕು.

ಬ್ರಹ್ಮಾವರ ತೋಟ:
ಅರಣ್ಯ ಇಲಾಖೆ ಎಂದಿರಿ. ನವಿಲಿಗೆ ಯಾರನ್ನು ಕರೆಯುವುದು? ಬೆಂಡೆ, ಅಲಸಂಡೆ ಮೊಳಕೆ ಒಂದೂ ಉಳಿಯುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ನವಿಲು ಬಂದರೆ ಸಂತೋಷ, ನಮ್ಮ ಗದ್ದೆಯಲ್ಲಿ ಬಂದರೆ ಬೊಬ್ಬೆ.

ಕೊಣಾಜೆ ಗುಡ್ಡೆ:
1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಬಲೆ ಹೊದಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಆದರೆ ನೀವೇ ಎಣಿಸಿ ಬರೆದಿಡಿ. "ಜಾಸ್ತಿಯಾಗಿದೆ" ಎಂದರೆ ಯಾರೂ ಕೇಳುವುದಿಲ್ಲ, ವರ್ಷವಾರು ಲೆಕ್ಕ ಇಟ್ಟರೆ ಕೇಳಬೇಕಾಗುತ್ತದೆ.

ಬ್ರಹ್ಮಾವರ ತೋಟ:
ಹಾಗಾದರೆ ತೆಂಗಿನಕಾಯಿ ಪುಸ್ತಕದ ಅಂಚಿನಲ್ಲಿ ಜಾಗ ಸಾಲುವುದಿಲ್ಲ.

ಹಾಲಕ್ಕಿ, ಹೆಬ್ರಿ:
ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಿಲಿನ ಹಕ್ಕಿ ಎಣಿಕೆ ನಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ನಮ್ಮ ದೇಶ 2013ರಿಂದ ಸೇರಿದೆ. ಆ ದಿನಗಳಲ್ಲಿ ಇಲ್ಲಿರುವವರೆಲ್ಲ ಅವರವರ ಮನೆಯಲ್ಲೇ ಬೆಳಗ್ಗೆ ಏಳರಿಂದ ಏಳೂಕಾಲರವರೆಗೆ ನಿಂತು ಎಣಿಸೋಣವೇ? ಕಡಲಿನಿಂದ ಘಟ್ಟದ ಬುಡದವರೆಗೆ ಒಂದೇ ಹೊತ್ತಿನ ಪಟ್ಟಿ ಸಿಗುತ್ತದೆ. ನಮ್ಮಲ್ಲಿ ಮಂಗಟ್ಟೆ ಇರುತ್ತದೆ, ಮಲ್ಪೆಯಲ್ಲಿ ಇರುವುದಿಲ್ಲ. ಮಲ್ಪೆಯ ಗರುಡಗಳ ಲೆಕ್ಕ ನಮಗಿಲ್ಲ.

ಮಲ್ಪೆ ಗಾಳಿ:
ಬಂದರಿನಲ್ಲಿ ಮೀನು ಇಳಿಸುವಾಗ ಗರುಡಗಳು ಮೈಮೇಲೆ ಬರುತ್ತವೆ. ಎಣಿಸಲು ನಾನು ಸಿದ್ಧ, ಆದರೆ ಅವು ಒಂದೇ ಕಡೆ ಸುತ್ತುತ್ತಿರುತ್ತವೆ. ಅದನ್ನೇ ಎರಡು ಸಲ ಎಣಿಸಿದರೆ?

ಕೊಣಾಜೆ ಗುಡ್ಡೆ:
ಒಂದು ನೋಟದಲ್ಲಿ ಒಟ್ಟಿಗೆ ಕಂಡ ಅತಿ ಹೆಚ್ಚು ಸಂಖ್ಯೆ ಬರೆಯಿರಿ. ಕೂಡಿಸುತ್ತಾ ಹೋಗಬೇಡಿ.

ಬಿಜೈ ಮೂರನೇ ಮಹಡಿ:
ಸಂಜೆ ನಮ್ಮ ಕಟ್ಟಡದ ಮೇಲಿಂದ ಬೆಳ್ಳಕ್ಕಿಗಳು ಸಾಲಾಗಿ ಹೋಗುತ್ತವೆ. ಕೆಳಗೆ ಇಳಿಯುವುದೇ ಇಲ್ಲ. ಅವು ನನ್ನ ಬಾಲ್ಕನಿಯ ಹಕ್ಕಿಗಳೇ?

ನಿವೃತ್ತ ಮೇಷ್ಟ್ರು, ಉಡುಪಿ:
ಬರೆಯಿರಿ, ಪಕ್ಕದಲ್ಲಿ "ಮೇಲಿಂದ ಹಾರಿದವು" ಎಂದು ಸೇರಿಸಿ. ಯಾವ ದಿಕ್ಕಿಗೆ ಎಂಬುದನ್ನೂ ಬರೆಯಿರಿ. ಅವು ರಾತ್ರಿ ತಂಗುವ ಮರ ಯಾವುದೆಂದು ಯಾರಾದರೂ ಒಂದು ದಿನ ಹುಡುಕುತ್ತಾರೆ.

ಬಿಜೈ ಮೂರನೇ ಮಹಡಿ:
ಕುದ್ರೋಳಿ ಕಡೆಗೆ. ಇವತ್ತಿನಿಂದಲೇ ಬರೆಯುತ್ತೇನೆ.

ಗೋಳಿಬಜೆ:
ಫೆಬ್ರವರಿಯ ಎಣಿಕೆಗೆ ನಾನೂ ಇದ್ದೇನೆ. ಆದರೆ ಏಳು ಗಂಟೆ ಎಂದರೆ ಬೆಳಗ್ಗೆಯೇ ಆಗಬೇಕೇ?